ಮೊದಲು ನಿಲ್ಲಲಿ, ಆಮೇಲೆ ಓಡಲಿ



ಮಹಾನವಮಿ ಬಂದಿತೆಂದರೆ ನಮ್ಮ ಸೀಮೆಯ ಪ್ರತಿಯೊಂದು ಮನೆಯ ಅಂಗಳದಲ್ಲಿಯೂ ನೀರು ಹರಿಯುತ್ತದೆ. ಖಂಡೇ ಪೂಜೆಯ ದಿನ ಕುಡಗೋಲು, ಕೊಡಲಿ, ನೇಗಿಲುಗಳ ಸಾಲಿನಲ್ಲಿ ಮೋಟಾರ್ ಸೈಕಲ್ಲೂ ಸ್ನಾನ ಮಾಡಿ ನಿಲ್ಲುತ್ತದೆ. ಟ್ಯಾಂಕಿನ ಮೇಲೆ ವಿಭೂತಿಯ ಪಟ್ಟೆ, ಹ್ಯಾಂಡಲ್ಲಿಗೆ ಚೆಂಡು ಹೂವಿನ ಮಾಲೆ, ಗಾಲಿಯ ಕೆಳಗೆ ನಿಂಬೆಹಣ್ಣು. ವರ್ಷವಿಡೀ ದುಡಿದ ಯಂತ್ರಕ್ಕೆ ಕೃತಜ್ಞತೆ ಸಲ್ಲಿಸುವ ಈ ಪದ್ಧತಿ ಚೆಲುವಾದುದು. ಆದರೆ ಪೂಜೆ ಮುಗಿಸಿ ಎದ್ದ ಯಜಮಾನರನ್ನು ಒಂದು ಮಾತು ಕೇಳಿ ನೋಡಿರಿ: “ಈ ಗಾಡಿಯ ಹಿಂದಿನ ಬ್ರೇಕಿನ ಪೆಡಲ್ ಎಷ್ಟು ಕೆಳಗಿಳಿದ ಮೇಲೆ ಗಾಲಿ ಹಿಡಿಯುತ್ತದೆ?” ಹತ್ತು ಜನರಲ್ಲಿ ಒಬ್ಬರಾದರೂ ಸರಿಯಾಗಿ ಉತ್ತರಿಸುವರೆಂಬ ಭರವಸೆ ನನಗಿಲ್ಲ. ಕೆಲವು ವರ್ಷಗಳ ಹಿಂದೆ ನನ್ನನ್ನೇ ಕೇಳಿದ್ದರೆ ನಾನೂ ಬಾಯಿ ಬಿಡುತ್ತಿರಲಿಲ್ಲ. ಆ ಅಜ್ಞಾನಕ್ಕೆ ನಾನು ತೆತ್ತ ಬೆಲೆಯೇ ಈ ತಿಂಗಳ ಅಂಕಣಕ್ಕೆ ಕಾರಣ.

ಫಟಫಟಿ ಬಂದ ಬಗೆ

ನಮ್ಮ ಹಿರಿಯರು ಮೋಟಾರ್ ಸೈಕಲ್ಲನ್ನು ಅದು ಮಾಡುವ ಸದ್ದಿನಿಂದಲೇ ‘ಫಟಫಟಿ’ ಎಂದು ಕರೆದರು. ಆ ಸದ್ದಿಗೂ ನಮ್ಮ ರಾಜ್ಯಕ್ಕೂ ಹಳೆಯ ನಂಟಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಗಾಡಿಗಳು ಹೊರಬಂದವು. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ಬಾಗಿಸಿ ಗೇರ್ ಹಾಕುವ ಆ ಗಾಡಿಯನ್ನು ಬಲ್ಲ ಹಿರಿಯರು ಹಾವೇರಿ, ರಾಣೇಬೆನ್ನೂರುಗಳಲ್ಲಿ ಇಂದಿಗೂ ಇದ್ದಾರೆ. 1985ರ ಹೊತ್ತಿಗೆ 100 ಸಿಸಿಯ ಹಗುರ ಗಾಡಿಗಳು ಬಂದವು. ಅಲ್ಲಿಯವರೆಗೆ ಡಾಕ್ಟರರ, ದಲಾಲರ, ದೊಡ್ಡ ಒಕ್ಕಲುತನದವರ ಮನೆಯಲ್ಲಿದ್ದ ಫಟಫಟಿಯು ಬರಬರುತ್ತ ಶಿಕ್ಷಕರ, ಸಣ್ಣ ರೈತರ, ಅಂಗಡಿಕಾರರ ಮನೆಯ ಕಟ್ಟೆಯ ಮುಂದೆಯೂ ನಿಂತಿತು.

ಈಗ ಅದಿಲ್ಲದೆ ಬ್ಯಾಡಗಿಯಲ್ಲಿ ದಿನ ಸಾಗದು. ಮಕ್ಕಳನ್ನು ಶಾಲೆಗೆ ಬಿಡಲು, ಹೊಲಕ್ಕೆ ಬುತ್ತಿ ಒಯ್ಯಲು, ಕಾಗಿನೆಲೆಗೋ ದೇವರಗುಡ್ಡಕ್ಕೋ ಕುಟುಂಬಸಮೇತ ಹೋಗಿ ಬರಲು ಅದೇ ಬೇಕು. ಮೆಣಸಿನಕಾಯಿಯ ಸುಗ್ಗಿಯಲ್ಲಂತೂ ಹಿಂದಿನ ಸೀಟಿನ ಮೇಲೆ ಚೀಲ, ಚೀಲದ ಮುಂದೆ ಮನುಷ್ಯ. 2011ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಹೆಸರು ದೇಶದಾಚೆಗೂ ಹೋಗಿದೆ. ಅದು ಮಾರುಕಟ್ಟೆ ಸೇರುವ ದಾರಿಯಲ್ಲಿ ಲಾರಿ, ಟ್ರ್ಯಾಕ್ಟರ್, ಚಕ್ಕಡಿಗಳ ನಡುವೆ ನುಸುಳುವ ಮೋಟಾರ್ ಸೈಕಲ್ಲುಗಳಿಗೆ ಲೆಕ್ಕವಿಲ್ಲ. ಇಂಥ ದಾರಿಯಲ್ಲಿ ಗಾಡಿ ಎಷ್ಟು ವೇಗವಾಗಿ ಓಡುತ್ತದೆ ಎಂಬುದು ಮುಖ್ಯವಲ್ಲ. ಬೇಕೆಂದಾಗ ನಿಲ್ಲುತ್ತದೆಯೇ ಎಂಬುದು ಮುಖ್ಯ.

ನನ್ನ ಕೈಯ ತಪ್ಪು

2006ನೆಯ ಇಸವಿಯ ಬೇಸಿಗೆ. ಗಾಡಿಯ ಚೈನು ಸಡಿಲಾಗಿ ಸದ್ದು ಮಾಡುತ್ತಿತ್ತು. ಗ್ಯಾರೇಜಿಗೆ ಹೋದರೆ ಅರ್ಧ ದಿನ ಹೋಗುತ್ತದೆ, ಪಾನಾ ಮನೆಯಲ್ಲಿಯೇ ಇದೆ, ನಾನೇ ಬಿಗಿ ಮಾಡುತ್ತೇನೆಂದು ಕುಳಿತೆ. ಹಿಂದಿನ ಗಾಲಿಯ ಅಚ್ಚಿನ ನಟ್ಟು ಸಡಿಲಿಸಿದೆ. ಗಾಲಿ ಹಿಂದಕ್ಕೆ ಸರಿಯಲು ಬ್ರೇಕಿನ ಕಡ್ಡಿ ಅಡ್ಡ ಬಂದಿತೆಂದು ಅದರ ತುದಿಯ ನಟ್ಟನ್ನೂ ಬಹುಪಾಲು ಬಿಚ್ಚಿದೆ. ಚೈನು ಹದಕ್ಕೆ ಬಂದಿತು, ಅಚ್ಚಿನ ನಟ್ಟು ಬಿಗಿಯಾಯಿತು. ಅಷ್ಟರಲ್ಲಿ ಯಾರೋ ಬಾಗಿಲಿಗೆ ಬಂದರು. ಎದ್ದು ಮಾತನಾಡಿ ಕಳಿಸಿ ಬಂದವನು ಕೈ ತೊಳೆದುಕೊಂಡು ಊಟಕ್ಕೆ ಕುಳಿತೆ. ಬ್ರೇಕಿನ ಕಡ್ಡಿಯ ನಟ್ಟು ಎರಡು ಮೂರು ಎಳೆಗಳಿಗೆ ಮಾತ್ರ ಅಂಟಿಕೊಂಡು ಉಳಿಯಿತು.

ಸಂಜೆ ಮನೆಯವರನ್ನು ಹಿಂದೆ ಕೂರಿಸಿಕೊಂಡು ಮೋಟೆಬೆನ್ನೂರಿನ ಕಡೆಗೆ ಹೊರಟೆ. ಮುಂದೆ ಮೆಣಸಿನಕಾಯಿ ಹೇರಿದ ಟ್ರ್ಯಾಕ್ಟರ್ ಒಮ್ಮೆಲೇ ನಿಂತಿತು. ಕಾಲು ಪೆಡಲಿನ ಮೇಲೆ ಒತ್ತಿದೆ. ಅದು ಒಣ ಹುಲ್ಲಿನ ಮೇಲೆ ಕಾಲಿಟ್ಟಂತೆ ತಳಕ್ಕೆ ಇಳಿಯಿತು, ಗಾಲಿ ನಿಲ್ಲಲಿಲ್ಲ. ನಟ್ಟು ದಾರಿಯಲ್ಲೆಲ್ಲೋ ಬಿದ್ದು ಹೋಗಿತ್ತು. ಗಾಬರಿಯಲ್ಲಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದೆ, ಗಾಡಿ ಮಗ್ಗುಲಿಗೆ ಜಾರಿತು. ನನಗೆ ಮೊಣಕಾಲಿನ ತೊಗಲು ಕಿತ್ತಿತು, ಅಷ್ಟೇ. ಮನೆಯವರ ಬಲಗೈಯ ಮಣಿಕಟ್ಟಿನ ಎಲುಬು ಮುರಿಯಿತು. ಆರು ವಾರ ಆ ಕೈ ಪ್ಲಾಸ್ಟರಿನಲ್ಲಿತ್ತು. ಆ ಆರು ವಾರ ರೊಟ್ಟಿ ಬಡಿದವಳು ನನ್ನ ಅಕ್ಕ. ಬಾಗಿಲಿಗೆ ಬಂದ ನೆರೆಯವರಿಗೆಲ್ಲ ಮನೆಯವರು ಹೇಳಿದ್ದು ಒಂದೇ ಮಾತು, “ರಸ್ತೇದಾಗ ಉಸುಕಿತ್ರಿ, ಜಾರಿತು.” ತಪ್ಪು ನನ್ನದೆಂದು ಅವರು ಒಮ್ಮೆಯೂ ಆಡಲಿಲ್ಲ. ಆಡಿದ್ದರೆ ನನ್ನ ಭಾರ ಕಡಿಮೆಯಾಗುತ್ತಿತ್ತೇನೋ.

ಗಾಡಿಯನ್ನು ನೋಡಿದ ಮೇಸ್ತ್ರಿ ಗದರಿಸಲಿಲ್ಲ. ಹೊಸ ನಟ್ಟು ಹಾಕುತ್ತ ಹೀಗೆಂದ: “ಸರ, ಗಾಡಿ ಓಡಿಸೋದು ಎಲ್ಲಾರಿಗೂ ಬರ್ತೈತಿ. ಮೊದ್ಲು ನಿಲ್ಲಬೇಕ್ರಿ, ಆಮ್ಯಾಲೆ ಓಡಬೇಕು. ಮನ್ಯಾಗ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಮಾಡಿದ್ಮ್ಯಾಲೆ ಒಬ್ರೇ ಹತ್ತಿ, ಓಣ್ಯಾಗ ಸಾವಕಾಶ ಓಡಿಸಿ, ನಿಲ್ಲಿಸಿ ನೋಡ್ರಿ.” ಆ ಮಾತನ್ನು ನಾನು ಇಂದಿಗೂ ಬಿಟ್ಟಿಲ್ಲ. ಈ ಲೇಖನದ ಸಾರವೂ ಅದೇ. ಮನೆಯಲ್ಲಿ ಗಾಡಿಯ ಆರೈಕೆ ಮಾಡಬಹುದು, ಮಾಡಬೇಕು. ಆದರೆ ಹಿಡಿದ ಕೆಲಸವನ್ನು ನಡುವೆ ಬಿಟ್ಟು ಏಳಬಾರದು, ಪರೀಕ್ಷಿಸದೆ ಹೆಂಡತಿ ಮಕ್ಕಳನ್ನು ಹತ್ತಿಸಬಾರದು.

ಕೆಲಸಕ್ಕೆ ಕುಳಿತುಕೊಳ್ಳುವ ಮೊದಲು

ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ, ಬಯಲಿನಲ್ಲಿ ನಿಲ್ಲಿಸಬೇಕು. ಒಂದೇ ಕಾಲಿನ ಸ್ಟ್ಯಾಂಡ್ ಸಾಲದು, ಡಬಲ್ ಸ್ಟ್ಯಾಂಡ್ ಹಾಕಬೇಕು. ಇಂಜಿನ್ ಬಂದಾಗಿ ಸೈಲೆನ್ಸರ್ ಆರಿರಬೇಕು. ಪೆಟ್ರೋಲಿನ ಕೆಲಸವಿದ್ದರೆ ಅಡುಗೆಮನೆಯ ಒಲೆ, ದೇವರ ಮನೆಯ ದೀಪ, ಸೇದುವ ಬೀಡಿ ಇವೆಲ್ಲವೂ ದೂರವಿರಬೇಕು. ಪೆಟ್ರೋಲಿನ ಆವಿ ನೆಲಕ್ಕಂಟಿ ಹರಿದು ದೂರದ ಕಿಡಿಯನ್ನೂ ಹಿಡಿಯಬಲ್ಲದು. ಸಣ್ಣ ಮಕ್ಕಳನ್ನು ಹತ್ತಿರ ಬಿಡಬಾರದು.

ಗಾಡಿಯ ಜೊತೆ ಕಂಪನಿಯವರು ಕೊಟ್ಟ ಪಾನಾ, ಸ್ಕ್ರೂಡ್ರೈವರ್, ಪ್ಲಗ್ಗಿನ ಪಾನಾ, ಹಳೆಯ ಹತ್ತಿ ಬಟ್ಟೆ, ಬಿಚ್ಚಿದ ನಟ್ಟುಗಳನ್ನಿಡಲು ಒಂದು ತಟ್ಟೆ ಇಷ್ಟಿದ್ದರೆ ಸಾಕು. ತಟ್ಟೆ ಬರಿದಾಗುವವರೆಗೆ ಕೆಲಸ ಮುಗಿದಿಲ್ಲವೆಂದು ತಿಳಿಯಬೇಕು. ಇದಕ್ಕಿಂತ ಮುಖ್ಯವಾದುದು ಗಾಡಿಯ ಕೈಪಿಡಿ. ಬಹಳ ಮನೆಗಳಲ್ಲಿ ಅದು ಆರ್‌.ಸಿ. ಪುಸ್ತಕದ ಜೊತೆ ಟ್ರಂಕಿನ ತಳದಲ್ಲಿರುತ್ತದೆ, ಹೊರಗೆ ತೆಗೆಯಿರಿ. ನಾನು ಮುಂದೆ ಕೊಡುವ ಅಳತೆಗಳು 100 ಸಿಸಿಯ ಸಾಮಾನ್ಯ ಗಾಡಿಗಳಿಗೆ ಹೊಂದುವಂಥವು. ನಿಮ್ಮ ಕೈಪಿಡಿ ಬೇರೆ ಹೇಳಿದರೆ ಅದೇ ಪ್ರಮಾಣ.

ಬ್ರೇಕು: ಮೊದಲ ಮರ್ಯಾದೆ

ಹೆಚ್ಚಿನ ಗಾಡಿಗಳ ಹಿಂದಿನ ಗಾಲಿಯಲ್ಲಿರುವುದು ಡ್ರಮ್ ಬ್ರೇಕು. ಗಾಲಿಯ ನಡುವಿನ ಡಬ್ಬಿಯೊಳಗೆ ಅರ್ಧಚಂದ್ರಾಕಾರದ ಎರಡು ಲೈನರುಗಳಿವೆ. ಪೆಡಲ್ ಒತ್ತಿದಾಗ ಕಡ್ಡಿಯು ಒಂದು ತೋಳನ್ನು ಎಳೆಯುತ್ತದೆ. ಆ ತೋಳು ತಿರುಗಿ ಲೈನರುಗಳನ್ನು ಅಗಲಿಸುತ್ತದೆ. ಅವು ಡಬ್ಬಿಯ ಒಳಗೋಡೆಗೆ ಒತ್ತಿ ಗಾಲಿಯನ್ನು ಹಿಡಿಯುತ್ತವೆ. ಉಜ್ಜಿದಂತೆಲ್ಲ ಲೈನರ್ ಸವೆಯುತ್ತದೆ, ಸವೆದಂತೆಲ್ಲ ಪೆಡಲ್ ಹೆಚ್ಚು ಕೆಳಗಿಳಿಯುತ್ತದೆ.

ಪೆಡಲನ್ನು ಕೈಯಿಂದ ಒತ್ತಿ ನೋಡಿರಿ. ಬ್ರೇಕು ಹಿಡಿಯುವ ಮೊದಲು ಅದು 20ರಿಂದ 30 ಮಿಲಿಮೀಟರ್ ಇಳಿಯಬೇಕು. ಅಂದರೆ ಸುಮಾರು ಒಂದೂವರೆ ಬೆರಳಗಲ. ಮುಂದಿನ ಬ್ರೇಕಿನ ಹಿಡಿಕೆಯೂ ಡ್ರಮ್ಮಿನದಾಗಿದ್ದರೆ ಅದರ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಆಟವಿರಬೇಕು. ಆಟ ಹೆಚ್ಚಾಗಿದ್ದರೆ ಕಡ್ಡಿಯ ತುದಿಯ ನಟ್ಟನ್ನು ಅರ್ಧರ್ಧ ಸುತ್ತಾಗಿ ಬಿಗಿ ಮಾಡುತ್ತ ಬರಬೇಕು. ಆ ನಟ್ಟಿನ ಬಾಗಿದ ಮುಖವು ತೋಳಿನ ಗುಂಡು ಪಿನ್ನಿನ ಮೇಲೆ ಸರಿಯಾಗಿ ಕೂತಿರಬೇಕು. ಬಳಿಕ ಗೇರು ತೆಗೆದು ಹಿಂದಿನ ಗಾಲಿಯನ್ನು ಕೈಯಿಂದ ತಿರುಗಿಸಿರಿ. ಗಾಲಿ ಉಜ್ಜದೆ ಸಲೀಸಾಗಿ ತಿರುಗಬೇಕು. ಉಜ್ಜಿದರೆ ಬಿಗಿ ಹೆಚ್ಚಾಗಿದೆ ಎಂದರ್ಥ. ಉಜ್ಜುತ್ತ ಓಡಿದ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ, ಪೆಟ್ರೋಲನ್ನೂ ತಿನ್ನುತ್ತದೆ.

ಲೈನರ್ ಎಷ್ಟು ಸವೆದಿದೆ ಎಂದು ತಿಳಿಯಲು ಗಾಲಿ ಬಿಚ್ಚಬೇಕಾಗಿಲ್ಲ. ಬ್ರೇಕಿನ ತೋಳಿನ ಬುಡದಲ್ಲಿ ಒಂದು ಬಾಣದ ಗುರುತು, ಅದರ ಹಿಂದಿನ ತಟ್ಟೆಯಲ್ಲಿ ಮತ್ತೊಂದು ಗುರುತು ಹಲವು ಗಾಡಿಗಳಲ್ಲಿವೆ. ಇನ್ನೊಬ್ಬರು ಪೆಡಲನ್ನು ಪೂರ್ತಿ ಒತ್ತಿ ಹಿಡಿದಾಗ ಬಾಣವು ಆ ಗುರುತನ್ನು ಮುಟ್ಟಿದರೆ ಲೈನರಿನ ಆಯುಷ್ಯ ಮುಗಿಯಿತು. ಇನ್ನು ನಟ್ಟು ಬಿಗಿ ಮಾಡುತ್ತ ಹೋಗುವುದು ಆತ್ಮವಂಚನೆ.

ಈಗ ನಾನು ಎಡವಿದ ಜಾಗಕ್ಕೆ ಬರುತ್ತೇನೆ. ಚೈನು ಬಿಗಿ ಮಾಡುವುದೆಂದರೆ ಗಾಲಿಯನ್ನೇ ಹಿಂದಕ್ಕೆ ಸರಿಸುವುದು. ಗಾಲಿ ಸರಿದರೆ ಬ್ರೇಕಿನ ಆಟವೂ ಬದಲಾಗುತ್ತದೆ. ಆದ್ದರಿಂದ ಚೈನು ಮುಟ್ಟಿದಾಗಲೆಲ್ಲ ಬ್ರೇಕನ್ನು ಮತ್ತೆ ಹದಗೊಳಿಸಲೇಬೇಕು. ಜೊತೆಗೆ ಮೂರು ವಸ್ತುಗಳನ್ನು ಕಣ್ಣಿಟ್ಟು ನೋಡಬೇಕು: ಅಚ್ಚಿನ ನಟ್ಟು, ಬ್ರೇಕಿನ ತಟ್ಟೆಯನ್ನು ತಿರುಗದಂತೆ ಹಿಡಿದಿರುವ ಪಟ್ಟಿಯ ನಟ್ಟು, ಅದಕ್ಕಿರುವ ಸ್ಪ್ಲಿಟ್ ಪಿನ್ನು. ಆ ಪಟ್ಟಿ ಕಳಚಿದರೆ ಬ್ರೇಕಿನ ತಟ್ಟೆಯೇ ಗಾಲಿಯೊಡನೆ ತಿರುಗಿ ದೊಡ್ಡ ಅನಾಹುತವಾಗುತ್ತದೆ. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವ ಜಿಪುಣತನ ಬೇಡ. ಕೊನೆಗೆ ಪೆಡಲ್ ಒತ್ತಿ ಹಿಂದಿನ ಕೆಂಪು ದೀಪ ಹತ್ತುವುದೋ ಇಲ್ಲವೋ ನೋಡಿರಿ.

ಬ್ರೇಕು ಕಿರುಗುಟ್ಟುತ್ತದೆಂದು ಡ್ರಮ್ಮಿನೊಳಗೆ ಎಣ್ಣೆ ಬಿಡುವವರನ್ನು ನಾನು ಕಂಡಿದ್ದೇನೆ. ಸದ್ದು ನಿಲ್ಲುತ್ತದೆ, ನಿಜ. ಆದರೆ ಆಮೇಲೆ ಗಾಡಿ ನಿಲ್ಲುವುದಿಲ್ಲ. ಎಣ್ಣೆ ಕುಡಿದ ಲೈನರನ್ನು ತೊಳೆದು ಬಳಸಲಾಗದು, ಬದಲಿಸಲೇಬೇಕು. ಡ್ರಮ್ಮಿನ ಧೂಳನ್ನು ಬಾಯಿಯಿಂದ ಊದುವುದೂ ತಪ್ಪು. ಹಳೆಯ ಕಾಲದ ಲೈನರುಗಳಲ್ಲಿ ಶ್ವಾಸಕೋಶಕ್ಕೆ ಕೇಡಾದ ಆಸ್ಬೆಸ್ಟಾಸ್ ಬಳಸುತ್ತಿದ್ದರು. ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯುವುದು ಲೇಸು.

ಮುಂದಿನ ಗಾಲಿಗೆ ಡಿಸ್ಕ್ ಬ್ರೇಕ್ ಇದ್ದರೆ ಮನೆಯವರ ಕೆಲಸ ನೋಡುವುದಷ್ಟೇ. ಹ್ಯಾಂಡಲ್ಲಿನ ಮೇಲಿರುವ ಸಣ್ಣ ಡಬ್ಬಿಯ ಗಾಜಿನಲ್ಲಿ ಬ್ರೇಕ್ ಆಯಿಲಿನ ಮಟ್ಟ ಕೆಳಗಿನ ಗೆರೆಗಿಂತ ಮೇಲಿದೆಯೇ, ಪ್ಯಾಡುಗಳಲ್ಲಿ ಸವೆತದ ಗೆರೆ ಇನ್ನೂ ಕಾಣುತ್ತಿದೆಯೇ, ಹಿಡಿಕೆ ಒತ್ತಿದಾಗ ಗಟ್ಟಿಯಾಗಿ ನಿಲ್ಲುತ್ತದೆಯೇ ಅಥವಾ ಮೆತ್ತಗಾಗಿ ಒಳಗೆ ಹೋಗುತ್ತದೆಯೇ ಎಂದು ನೋಡಬೇಕು. ಮೆತ್ತಗಾಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ ಮೇಸ್ತ್ರಿಯನ್ನು ಕರೆಯಿರಿ. ಈ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸುತ್ತಾರೆ. ಅದರ ಜಾಗದಲ್ಲಿ ಇಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಉಬ್ಬಿ ಬ್ರೇಕೇ ಕೆಟ್ಟುಹೋಗುತ್ತದೆ.

2019ರ ಏಪ್ರಿಲ್‌ನಿಂದ ಮಾರಾಟವಾದ 125 ಸಿಸಿವರೆಗಿನ ಹೊಸ ಗಾಡಿಗಳಲ್ಲಿ ಒಂದು ಬ್ರೇಕ್ ಒತ್ತಿದರೆ ಎರಡೂ ಗಾಲಿ ಹಿಡಿಯುವ ಜೋಡಿ ಬ್ರೇಕು ಅಥವಾ ಎ.ಬಿ.ಎಸ್. ಇದೆ, ಅದಕ್ಕಿಂತ ದೊಡ್ಡ ಗಾಡಿಗಳಲ್ಲಿ ಗಾಲಿ ಜಾಮ್ ಆಗದಂತೆ ತಡೆಯುವ ಎ.ಬಿ.ಎಸ್. ಇದ್ದೇ ಇದೆ. ಅವುಗಳನ್ನು ಕೈಪಿಡಿ ಹೇಳಿದ ಕ್ರಮ ಬಿಟ್ಟು ಬಿಗಿ ಮಾಡಬಾರದು.

ಒಂದು ಲೆಕ್ಕವನ್ನು ಮನೆಯ ತರುಣರಿಗೆ ತಪ್ಪದೆ ಹೇಳಿರಿ. ವೇಗ ಎರಡು ಪಟ್ಟಾದರೆ, ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. ನಾಲ್ವತ್ತರಲ್ಲಿ ನಿಂತ ಅಂತರದಲ್ಲಿ ಎಂಬತ್ತರಲ್ಲಿಯೂ ನಿಲ್ಲುವೆನೆಂಬುದು ಭ್ರಮೆ. ಎಷ್ಟೇ ಚೆನ್ನಾಗಿ ರಿಪೇರಿ ಮಾಡಿದ ಬ್ರೇಕಿಗೂ ಈ ಲೆಕ್ಕ ತಪ್ಪಿದ್ದಲ್ಲ.

ಧೂಳು ಮತ್ತು ಕಾರ್ಬೊರೇಟರ್

ನಮ್ಮೂರಿನ ಗಾಳಿಯನ್ನು ಹೊರಗಿನವರು ಬಂದ ಕ್ಷಣವೇ ಸೀನಿ ಗುರುತಿಸುತ್ತಾರೆ. ಸುಗ್ಗಿಯಲ್ಲಿ ಮೆಣಸಿನಕಾಯಿಯ ಘಾಟು, ಬೇಸಿಗೆಯಲ್ಲಿ ಎರೆಹೊಲದ ಧೂಳು. ನಾವು ಮೂಗಿಗೆ ವಸ್ತ್ರ ಕಟ್ಟಿಕೊಳ್ಳುತ್ತೇವೆ. ಗಾಡಿಯ ಮೂಗಿಗೆ ಕಟ್ಟಿದ ವಸ್ತ್ರವೇ ಏರ್ ಫಿಲ್ಟರ್. ಅದು ಮುಚ್ಚಿಕೊಂಡರೆ ಗಾಳಿ ಸಾಲದೆ ಪೆಟ್ರೋಲ್ ಹೆಚ್ಚು ಉರಿಯುತ್ತದೆ, ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತದೆ. ಅದು ಹರಿದಿದ್ದರೆ ಮತ್ತೂ ಕೇಡು. ಧೂಳು ಒಳಹೊಕ್ಕು ಪಿಸ್ಟನ್ನಿನ ರಿಂಗುಗಳನ್ನೂ ಸಿಲಿಂಡರಿನ ಗೋಡೆಯನ್ನೂ ಸಾಣೆ ಹಿಡಿದಂತೆ ತೇಯುತ್ತದೆ. ಸ್ಪಂಜಿನ ಫಿಲ್ಟರಾದರೆ ಸೋಪಿನ ನೀರಿನಲ್ಲಿ ತೊಳೆದು, ಹಿಂಡದೆ ಒತ್ತಿ ನೀರು ತೆಗೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಕೈಪಿಡಿ ಹೇಳಿದ್ದರೆ ಎರಡು ಹನಿ ಎಣ್ಣೆ ಸವರಿ ಹಾಕಬೇಕು. ಕಾಗದದ ಫಿಲ್ಟರಾದರೆ ತೊಳೆಯಬಾರದು; ಮೆಲ್ಲಗೆ ತಟ್ಟಿ, ಒಳಗಿನಿಂದ ಹೊರಗೆ ಗಾಳಿ ಊದಿಸಿ, ಅವಧಿ ಮುಗಿದಾಗ ಬದಲಿಸಬೇಕು. ನಮ್ಮ ರಸ್ತೆಗಳಿಗೆ ಕೈಪಿಡಿಯ ಅವಧಿಗಿಂತ ಬೇಗನೆ ನೋಡುವುದು ಒಳ್ಳೆಯದು.

ಇನ್ನು ಕಾರ್ಬೊರೇಟರ್. ಗಾಳಿಗೆ ಪೆಟ್ರೋಲನ್ನು ಹದವಾಗಿ ಬೆರೆಸಿ ಇಂಜಿನ್ನಿಗೆ ಉಣ್ಣಿಸುವುದು ಇದರ ಕೆಲಸ. ನಿಮ್ಮ ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ಮೇಲೆದ್ದು ನೀರನ್ನು ನಿಲ್ಲಿಸುವುದಲ್ಲವೇ? ಕಾರ್ಬೊರೇಟರಿನ ತಳದ ಬಟ್ಟಲಿನಲ್ಲಿಯೂ ಅಂಥದೇ ಒಂದು ಫ್ಲೋಟ್ ಇದೆ. ಬಟ್ಟಲಿನ ಮೇಲೆ ಇಕ್ಕಟ್ಟಾದ ಗಂಟಲಿನಂಥ ಕೊಳವೆ. ಇಂಜಿನ್ ಗಾಳಿಯನ್ನೆಳೆದಾಗ ಆ ಇಕ್ಕಟ್ಟಿನಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಕಡಿಮೆಯಾಗುತ್ತದೆ. ಆಗ ಬಟ್ಟಲಿನ ಪೆಟ್ರೋಲು ಸಣ್ಣ ಹಿತ್ತಾಳೆಯ ಜೆಟ್ಟುಗಳ ಮೂಲಕ ಮೇಲೇರಿ ಗಾಳಿಯಲ್ಲಿ ಸಿಡಿಯುತ್ತದೆ. ಗಾಡಿ ನಿಂತಲ್ಲಿಯೇ ಸುಮ್ಮನೆ ಚಾಲೂ ಇರುವಾಗ ಸ್ಲೋ ಜೆಟ್, ಓಟದಲ್ಲಿ ಮೇನ್ ಜೆಟ್ ಮುಖ್ಯವಾಗಿ ದುಡಿಯುತ್ತವೆ. ಆದ್ದರಿಂದ ಗಾಡಿ ಓಟದಲ್ಲಿ ಚೆನ್ನಾಗಿದ್ದು, ನಿಂತಾಗ ಮಾತ್ರ ಬಂದ್ ಬೀಳುತ್ತಿದ್ದರೆ ಮೊದಲ ಸಂಶಯ ಸ್ಲೋ ಜೆಟ್ಟಿನ ಮೇಲೆ ಬೀಳಬೇಕು.

ಬಹುದಿನ ನಿಂತ ಗಾಡಿಯ ಬಟ್ಟಲಿನಲ್ಲಿ ಪೆಟ್ರೋಲು ಆರಿ ಅಂಟಾಗಿ ಜೆಟ್ಟುಗಳನ್ನು ಮುಚ್ಚುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಎಚ್ಚರ ಇನ್ನೂ ಹೆಚ್ಚಿರಬೇಕು. ಶೇಕಡಾ 20ರಷ್ಟು ಎಥನಾಲ್ ಇರುವ ಪೆಟ್ರೋಲನ್ನು 2023ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ತಂದರು. ಎಥನಾಲ್ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಹಳೆಯ ಗಾಡಿಗಳ ಕೆಲವು ರಬ್ಬರ್ ಭಾಗಗಳಿಗೂ ಅದು ಹಿಡಿಸದು. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಿದ್ದರೆ ಪೆಟ್ರೋಲಿನ ನಲ್ಲಿಯನ್ನು ಬಂದ್ ಮಾಡಿ, ತಳದ ಸ್ಕ್ರೂ ಸಡಿಲಿಸಿ ಬಟ್ಟಲನ್ನು ಬರಿದು ಮಾಡಿರಿ. ಪೆಟ್ರೋಲಿನ ಪೈಪು ಬಿರಿದಿದ್ದರೆ ಅಂದೇ ಬದಲಿಸಿರಿ.

ಜೆಟ್ಟು ತೆಗೆದು ಶುಚಿ ಮಾಡುವಷ್ಟು ಕೈಹದ ಇದ್ದವರು ಮೂರು ನಿಯಮಗಳನ್ನು ಪಾಲಿಸಬೇಕು. ಒಂದು, ಜೆಟ್ಟಿನ ರಂಧ್ರಕ್ಕೆ ತಂತಿ ಚುಚ್ಚಬಾರದು. ಹಿತ್ತಾಳೆ ಮೆತ್ತಗಿನ ಲೋಹ, ಕೂದಲೆಳೆಯಷ್ಟು ರಂಧ್ರ ಹಿಗ್ಗಿದರೂ ಹದ ಕೆಡುತ್ತದೆ. ಪೆಟ್ರೋಲಿನಲ್ಲಿ ನೆನೆಸಿ, ಪಂಪಿನಿಂದ ಗಾಳಿ ಊದಬೇಕು. ಎರಡು, ಗಾಳಿಯ ಹದದ ಸ್ಕ್ರೂ ತೆಗೆಯುವ ಮೊದಲು ಅದನ್ನು ಮೆಲ್ಲಗೆ ಒಳಗೆ ತಿರುಗಿಸುತ್ತ ಎಷ್ಟು ಸುತ್ತಿಗೆ ತಳ ಮುಟ್ಟಿತೆಂದು ಎಣಿಸಿ ಬರೆದಿಟ್ಟುಕೊಳ್ಳಬೇಕು. ಮರಳಿ ಹಾಕುವಾಗ ಅಷ್ಟೇ ಸುತ್ತು ಹೊರಗೆ ತರಬೇಕು. ಮೂರು, ಎಲ್ಲ ಜೋಡಿಸಿದ ಬಳಿಕ ನಲ್ಲಿ ತೆರೆದು ಐದು ನಿಮಿಷ ಕಾದು, ಎಲ್ಲಿಯೂ ಹನಿಯುತ್ತಿಲ್ಲವೆಂದು ಖಚಿತವಾದ ಮೇಲೆಯೇ ಕಿಕ್ ಹೊಡೆಯಬೇಕು. ಎಕ್ಸಲೇಟರ್ ಬಿಟ್ಟೊಡನೆ ಹಿಂದಕ್ಕೆ ಮರಳುತ್ತದೆಯೇ, ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದಾಗ ಇಂಜಿನ್ನಿನ ಸದ್ದು ಏರುತ್ತದೆಯೇ ಎಂದೂ ನೋಡಬೇಕು. ಏರಿದರೆ ವೈರು ಎಳೆದು ಹಿಡಿಯುತ್ತಿದೆ, ಆ ಗಾಡಿ ತಿರುವಿನಲ್ಲಿ ತಾನಾಗಿ ಓಡಲಿದೆ.

2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ ಆರರ ನಿಯಮ ಬಂದ ಮೇಲೆ ಹೊಸ ಗಾಡಿಗಳಲ್ಲಿ ಬಹುಮಟ್ಟಿಗೆ ಕಾರ್ಬೊರೇಟರ್ ಹೋಗಿ ಇಂಜೆಕ್ಷನ್ ಬಂದಿದೆ. ಅದರಲ್ಲಿ ಪೆಟ್ರೋಲು ಒತ್ತಡದಲ್ಲಿರುತ್ತದೆ, ಲೆಕ್ಕವನ್ನು ಸಣ್ಣದೊಂದು ಕಂಪ್ಯೂಟರ್ ಮಾಡುತ್ತದೆ. ಅದನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ. ಆದರೆ ಫಿಲ್ಟರಿನ ಕೆಲಸ ಹೊಸದಕ್ಕೂ ಹಳೆಯದಕ್ಕೂ ಒಂದೇ.

ಇಂಜಿನ್ನಿನ ರಕ್ತ

ಇಂಜಿನ್ನಿಗೆ ಆಯಿಲ್ ಎಂದರೆ ದೇಹಕ್ಕೆ ರಕ್ತವಿದ್ದಂತೆ. ಅದು ಲೋಹ ಲೋಹವನ್ನು ತಿನ್ನದಂತೆ ಕಾಯುತ್ತದೆ, ಕಾವನ್ನು ಒಯ್ಯುತ್ತದೆ, ಹೊಲಸನ್ನು ಹಿಡಿದಿಡುತ್ತದೆ. 100 ಸಿಸಿಯ ಗಾಡಿಯಲ್ಲಿ ಒಟ್ಟು ಇರುವುದೇ ಸುಮಾರು ಒಂದು ಲೀಟರ್. ಅದರಲ್ಲಿ ಕಾಲು ಲೀಟರ್ ಕಡಿಮೆಯಾದರೂ ಅದು ಸಣ್ಣ ಕೊರತೆಯಲ್ಲ. ವಾರಕ್ಕೊಮ್ಮೆ ಇಂಜಿನ್ನನ್ನು ಕೆಲವು ನಿಮಿಷ ಓಡಿಸಿ, ನಿಲ್ಲಿಸಿ, ಎರಡು ಮೂರು ನಿಮಿಷ ಬಿಟ್ಟು, ಡಬಲ್ ಸ್ಟ್ಯಾಂಡಿನಲ್ಲಿರುವಾಗ ಅಳತೆಯ ಕಡ್ಡಿಯನ್ನು ಒರೆಸಿ ಅದ್ದಿ ನೋಡಿರಿ. ಮಟ್ಟ ಎರಡು ಗೆರೆಗಳ ನಡುವೆ ಇರಬೇಕು. ಮೇಲಿನ ಗೆರೆ ದಾಟಿ ತುಂಬುವುದೂ ಕೇಡೇ.

ಆಯಿಲ್ ಬದಲಿಸುವ ಅವಧಿ ಗಾಡಿಯಿಂದ ಗಾಡಿಗೆ ಬೇರೆ. ಧೂಳಿನ ದಾರಿಯಲ್ಲಿ ಭಾರ ಹೊತ್ತು ಓಡುವ ಗಾಡಿಗೆ 3,000 ಕಿಲೋಮೀಟರಿಗೊಮ್ಮೆ ಬದಲಿಸುವುದು ಹೆಚ್ಚಿನ ಮೇಸ್ತ್ರಿಗಳ ರೂಢಿ. ಇಂಜಿನ್ ಬೆಚ್ಚಗಿರುವಾಗ ತಳದ ಬೋಲ್ಟ್ ತೆಗೆದರೆ ಹಳೆಯ ಆಯಿಲ್ ಪೂರ್ತಿ ಇಳಿಯುತ್ತದೆ. ಕೈ ಸುಡದಂತೆ ನೋಡಿಕೊಳ್ಳಬೇಕು. ಬೋಲ್ಟಿನ ವಾಷರನ್ನು ಮರೆಯದೆ ಹಾಕಬೇಕು. ಇಂಜಿನ್ನಿನ ಮೈ ಅಲ್ಯುಮಿನಿಯಂ ಆದ್ದರಿಂದ ಬಲಪ್ರದರ್ಶನ ಮಾಡಿ ಬಿಗಿದರೆ ಒಳಗಿನ ಎಳೆ ಹರಿಯುತ್ತದೆ. ಕಾರಿನ ಆಯಿಲ್ ಉಳಿದಿದೆಯೆಂದು ಮೋಟಾರ್ ಸೈಕಲ್ಲಿಗೆ ಸುರಿಯಬೇಡಿರಿ. ಬಹುತೇಕ ಗಾಡಿಗಳಲ್ಲಿ ಕ್ಲಚ್ಚಿನ ತಟ್ಟೆಗಳು ಅದೇ ಆಯಿಲಿನಲ್ಲಿ ಮುಳುಗಿರುತ್ತವೆ; ಕಾರಿನ ಆಯಿಲಿನ ಜಾರುಗುಣಕ್ಕೆ ಕ್ಲಚ್ ಜಾರತೊಡಗುತ್ತದೆ. ತೆಗೆದ ಆಯಿಲನ್ನು ಗಟಾರಕ್ಕೋ ಹೊಲದ ಬದುವಿಗೋ ಚೆಲ್ಲಬಾರದು. ನಾಳೆ ಅದು ನಮ್ಮದೇ ಬಾವಿಗೆ ಇಳಿಯುತ್ತದೆ. ಡಬ್ಬಿಯಲ್ಲಿ ತುಂಬಿ, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಬೇಕು.

ಯೆಜ್ಡಿ, ರಾಜದೂತ, ಆರ್.ಎಕ್ಸ್. 100ರಂಥ ಹಳೆಯ ಟೂ-ಸ್ಟ್ರೋಕ್ ಗಾಡಿಗಳ ರೀತಿಯೇ ಬೇರೆ. ಅವುಗಳ ಪಿಸ್ಟನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನ ಜೊತೆಗೆ ಬೆರೆತು, ಇಲ್ಲವೇ ಬೇರೆ ಟ್ಯಾಂಕಿನಿಂದ ಪಂಪಾಗಿ ಹೋಗಬೇಕು. ಎಣ್ಣೆ ಮರೆತು ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಕಾದು ಹಿಡಿದು, ಓಡುವ ಗಾಲಿಯೇ ಜಾಮ್ ಆಗುತ್ತದೆ. ಅಜ್ಜನ ಗಾಡಿಯನ್ನು ಹೊರತೆಗೆಯುವ ಮೊಮ್ಮಕ್ಕಳು ಇದನ್ನು ಮೊದಲು ಕೇಳಿ ತಿಳಿಯಬೇಕು.

ಇಂಜಿನ್ನಿನ ಒಳಗಿನ ಆರೋಗ್ಯವನ್ನು ಹೊರಗಿನಿಂದಲೇ ಹೇಳುವ ಎರಡು ಸಾಕ್ಷಿಗಳಿವೆ. ಮೊದಲನೆಯದು ಪ್ಲಗ್ಗು. ಅದರ ತುದಿ ಬಿಸ್ಕಿಟಿನ ಬಣ್ಣದ್ದಾಗಿದ್ದರೆ ಹದ ಸರಿಯಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲು ಹೆಚ್ಚು ಅಥವಾ ಗಾಳಿ ಕಡಿಮೆ. ಬಿಳುಪಾಗಿದ್ದರೆ ಪೆಟ್ರೋಲು ಸಾಲದೆ ಇಂಜಿನ್ ಕಾಯುತ್ತಿದೆ. ಫೋರ್-ಸ್ಟ್ರೋಕ್ ಗಾಡಿಯಲ್ಲಿ ಜಿಡ್ಡಿದ್ದರೆ ಆಯಿಲ್ ಮೇಲೇರುತ್ತಿದೆ. ಎರಡನೆಯದು ಹೊಗೆ. ಕಪ್ಪು ಹೊಗೆ ಪೆಟ್ರೋಲಿನದು, ನೀಲಿ ಹೊಗೆ ಆಯಿಲಿನದು. ಚಳಿಗಾಲದ ಬೆಳಗ್ಗೆ ಸ್ವಲ್ಪ ಹೊತ್ತು ಕಾಣುವ ಬಿಳಿ ಹೊಗೆ ಬರೀ ನೀರಾವಿ, ಹೆದರಬೇಕಿಲ್ಲ. ನೀಲಿ ಹೊಗೆ ನಿಲ್ಲದೆ ಬಂದರೆ ರಿಂಗು, ವಾಲ್ವುಗಳ ಕೆಲಸವಿದೆ. ಇಂಜಿನ್ ಬಿಚ್ಚುವುದು, ಟ್ಯಾಪೆಟ್ ಹೊಂದಿಸುವುದು, ಕ್ಲಚ್ ತಟ್ಟೆ ಬದಲಿಸುವುದು, ಡಿಸ್ಕ್ ಬ್ರೇಕಿನ ಗಾಳಿ ತೆಗೆಯುವುದು, ಇವು ಮೇಸ್ತ್ರಿಯ ಕಾಯಕ. ಅವನ ವರ್ಷಗಳ ಅನುಭವಕ್ಕೆ ಕೊಡುವ ಹಣವನ್ನು ನಷ್ಟವೆಂದು ಎಣಿಸಬಾರದು. ರೋಗವನ್ನು ನೀವೇ ಗುರುತಿಸಿ ಹೋದರೆ ಅವನ ಸಮಯವೂ ನಿಮ್ಮ ಹಣವೂ ಉಳಿಯುತ್ತದೆ.

ಮನೆಯವರೆಲ್ಲರ ಪಾಲು

ನಮ್ಮ ಮನೆಯಲ್ಲಿ ಈಗ ಒಂದು ಪದ್ಧತಿ ಇದೆ. ದಿನವೂ ಗಾಡಿ ಹೊರಗೆ ತೆಗೆಯುವಾಗ ಅಂಗಳದಲ್ಲಿಯೇ ಎರಡೂ ಬ್ರೇಕು ಒತ್ತಿ ನೋಡುವುದು. ವಾರಕ್ಕೊಮ್ಮೆ ಗಾಳಿ, ಆಯಿಲ್, ಚೈನು, ಬ್ರೇಕಿನ ಆಟ. ತಿಂಗಳಿಗೊಮ್ಮೆ ಫಿಲ್ಟರ್, ನಟ್ಟುಗಳು, ವೈರುಗಳು. ಮಾಡಿದ ಕೆಲಸವನ್ನು ಕಿಲೋಮೀಟರ್ ಸಹಿತ ಒಂದು ನೋಟು ಪುಸ್ತಕದಲ್ಲಿ ಬರೆಯುವುದು. ಗಾಡಿ ತೊಳೆದ ದಿನ ಡ್ರಮ್ಮಿನೊಳಗೆ ನೀರು ಹೊಕ್ಕು ಬ್ರೇಕು ಹಿಡಿಯದಿರಬಹುದು. ಆಗ ಓಣಿಯಲ್ಲಿ ಮೆಲ್ಲಗೆ ಓಡಿಸುತ್ತ, ಬ್ರೇಕನ್ನು ಹಗುರವಾಗಿ ಒತ್ತುತ್ತ ಒಣಗಿಸಬೇಕು. ಖಂಡೇ ಪೂಜೆಯ ದಿನ ಮಾಲೆ ಹಾಕಿಕೊಂಡು ಓಡುವ ಗಾಡಿಗಳೆಲ್ಲ ಹೀಗೆ ತೋಯ್ದ ಬ್ರೇಕಿನವೇ ಎಂಬುದನ್ನು ನೆನಪಿಡಿರಿ.

ಇದು ಗಂಡಸರ ಕೆಲಸವೆಂದು ತಾಯಂದಿರು ದೂರ ನಿಲ್ಲಬಾರದು. ಹಿಂದಿನ ಸೀಟಿನಲ್ಲಿ ಕೂರುವವರು ನೀವು, ಮಡಿಲಲ್ಲಿ ಕೂಸನ್ನು ಹಿಡಿದವರು ನೀವು. “ಬ್ರೇಕ್ ನೋಡಿದ್ರೇನ್ರೀ?” ಎಂದು ಕೇಳುವ ಹಕ್ಕು ನಿಮ್ಮದು. ಕೇಳಿದರೆ ಯಜಮಾನರು ಸಿಟ್ಟಾಗಬಾರದು. ಪೆಡಲಿನ ಒಂದೂವರೆ ಬೆರಳಿನ ಲೆಕ್ಕವನ್ನು ಮಗನಿಗೂ ಮಗಳಿಗೂ ಸೊಸೆಗೂ ಕಲಿಸಿರಿ. ಎರಡೂ ತಲೆಗೆ ಹೆಲ್ಮೆಟ್ ಇರಲಿ.

ಮನೆಯವರ ಮಣಿಕಟ್ಟು ಕೂಡಿಕೊಂಡಿದೆ. ಆದರೂ ಮಳೆಗಾಲದಲ್ಲಿ ರೊಟ್ಟಿ ಬಡಿಯುವಾಗ ಅವರು ಒಂದು ಗಳಿಗೆ ಕೈ ನಿಲ್ಲಿಸಿ ಒತ್ತಿಕೊಳ್ಳುವುದನ್ನು ನಾನು ಕಾಣುತ್ತೇನೆ. ಏನೂ ಆಡುವುದಿಲ್ಲ. ನಾನೂ ಆಡದೆ ಎದ್ದು ಅಂಗಳಕ್ಕೆ ಹೋಗಿ, ಗಾಡಿಯ ಹಿಂದೆ ಕುಳಿತು, ಆ ಸಣ್ಣ ನಟ್ಟನ್ನು ಬೆರಳಿನಿಂದ ಮುಟ್ಟಿ ನೋಡಿ ಬರುತ್ತೇನೆ. ಈ ಸಲದ ಖಂಡೇ ಪೂಜೆಗೆ ನೀವೂ ಮಾಲೆ ಕಟ್ಟುವ ಮೊದಲು ಒಮ್ಮೆ ಅಲ್ಲಿ ಬಗ್ಗಿ ನೋಡಿರಿ. ನಿಮ್ಮ ಮನೆಯವರು ಹೋದ ದಾರಿಯಲ್ಲಿ ಸುಖವಾಗಿ ಮರಳಿ ಬರಲಿ.